ಬ್ಯಾಟಲ್ ಬ್ರದರ್ಸ್: ಮೊದಲ 30 ದಿನ ಪಡೆ ಮುಳುಗದಂತೆ ನೋಡಿಕೊಳ್ಳುವುದು

ನನ್ನ ಮೊದಲ ಪಡೆ ಸತ್ತದ್ದು 9ನೇ ದಿನ. ಎರಡನೆಯದು 14ನೇ ದಿನ. ಮೂರನೆಯದು ಸಾಯಲೇ ಇಲ್ಲ. ಸಂಬಳ ಕೊಡಲು ಕಾಸಿಲ್ಲದೆ ಒಬ್ಬೊಬ್ಬರೇ ಎದ್ದು ಹೋದರು. ಹಗಲೆಲ್ಲ ಬೇರೆಯವರ ಲೆಕ್ಕ ಬರೆಯುವುದು ನನ್ನ ಉದ್ಯೋಗ. ಸತ್ತ ಎರಡು ಪಡೆಗಳಿಗಿಂತ ಈ ಮೂರನೆಯದೇ ನನಗೆ ಜಾಸ್ತಿ ನಾಚಿಕೆ ತಂದಿತು. ಅವತ್ತೇ ಒಂದು ನೋಟ್‌ಬುಕ್ ಇಟ್ಟುಕೊಂಡೆ. ಎಡಕ್ಕೆ ಖರ್ಚು, ಬಲಕ್ಕೆ ಆದಾಯ, ಕೆಳಗೆ ಸತ್ತವರು. ಮುಂದಿನದೆಲ್ಲ ಆ ಪುಟಗಳಿಂದ ಬಂದದ್ದು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಬ್ಯಾಟಲ್ ಬ್ರದರ್ಸ್ ಜರ್ಮನಿಯ ಹ್ಯಾಂಬರ್ಗ್‌ನ ಓವರ್‌ಹೈಪ್ ಸ್ಟುಡಿಯೋಸ್ ಎಂಬ ಸಣ್ಣ ತಂಡ ಮಾಡಿದ ಕಂಪ್ಯೂಟರ್ ಆಟ. 2017ರಲ್ಲಿ ಪೂರ್ತಿಯಾಗಿ ಬಿಡುಗಡೆಯಾಯಿತು. ನೀವು ಒಂದು ಬಾಡಿಗೆ ಪಡೆಯ ಮುಖ್ಯಸ್ಥ. ಊರೂರು ಸುತ್ತಬೇಕು, ಗುತ್ತಿಗೆ ಹಿಡಿಯಬೇಕು, ಜನ ಸೇರಿಸಬೇಕು, ಎಲ್ಲರಿಗೂ ದಿನಗೂಲಿ ಕೊಡಬೇಕು. ಜಗಳ ಬಂದರೆ ಷಟ್ಕೋನದ ಮನೆಗಳಿರುವ ಮೈದಾನ ತೆರೆಯುತ್ತದೆ. ಅಲ್ಲಿ ಸರದಿ ಪ್ರಕಾರ ಒಂದೊಂದೇ ಕಾಯಿ ನಡೆಸಬೇಕು. ಕಾಯಿ ಎಂದೇ ಹೇಳುತ್ತೇನೆ, ಯಾಕೆಂದರೆ ಇವರಿಗೆ ಕಾಲೇ ಇಲ್ಲ. ಸೊಂಟದ ಮೇಲಿನ ಗೊಂಬೆಗಳು ಅಷ್ಟೇ. ಮೊದಲ ಸಲ ನೋಡಿ ನಕ್ಕಿದ್ದೆ. ಎರಡು ಗಂಟೆ ಆದಮೇಲೆ ಕಾಲಿಲ್ಲ ಎನ್ನುವುದೇ ಮರೆತುಹೋಗಿತ್ತು.

ಇಲ್ಲಿ ಸತ್ತವನು ಸತ್ತ. ಮತ್ತೆ ಬರುವುದಿಲ್ಲ. ಆಟ ಶುರು ಮಾಡುವಾಗ ಐರನ್‌ಮ್ಯಾನ್ ಎಂಬ ಆಯ್ಕೆ ಕಾಣುತ್ತದೆ. ಅದನ್ನು ಹಾಕಿದರೆ ಹಳೆಯ ಸೇವ್‌ಗೆ ವಾಪಸ್ ಹೋಗಲು ಆಗುವುದಿಲ್ಲ. ಮೊದಲ ಸಲಕ್ಕೆ ಅದು ಬೇಡ. ಕಷ್ಟದ ಮಟ್ಟವನ್ನೂ ಬಿಗಿನರ್‌ನಲ್ಲೇ ಇಡಿ, ಯಾರೂ ಬಂದು ನೋಡುವುದಿಲ್ಲ. ಶುರುವಿನ ಕಥೆಗಳಲ್ಲಿ ‘ಎ ನ್ಯೂ ಕಂಪನಿ’ಯನ್ನೇ ಆರಿಸಿಕೊಳ್ಳಿ. ಹಾಗರ್ಟ್ ಎಂಬ ದರೋಡೆಕೋರನ ಕೈಯಲ್ಲಿ ಪೆಟ್ಟು ತಿಂದ ಪಡೆಯಲ್ಲಿ ಮೂವರು ಉಳಿದಿರುತ್ತಾರೆ. ಅವನನ್ನು ಹುಡುಕಿ ಮುಗಿಸುವುದೇ ಮೊದಲ ಕೆಲಸ. ಆಟ ಕೈಹಿಡಿದು ಕಲಿಸುವುದು ಅಷ್ಟು ಮಾತ್ರ. ಆಮೇಲೆ ನಡುಬೀದಿಯಲ್ಲಿ ಬಿಟ್ಟು ಹೋಗುತ್ತದೆ.

ಮೊದಲು ಲೆಕ್ಕ

ನನ್ನ ಮೂರನೇ ಪಡೆ ಯಾಕೆ ಕರಗಿತು ಎಂದು ಕೂತು ಬರೆದು ನೋಡಿದೆ. ಒಬ್ಬನ ಕೂಲಿ ದಿನಕ್ಕೆ 8 ಕ್ರೌನ್ ಎಂದು ಇಟ್ಟುಕೊಳ್ಳಿ. ಎಂಟು ಜನಕ್ಕೆ 64. ಇದನ್ನು ಎಲ್ಲರೂ ಲೆಕ್ಕ ಹಾಕುತ್ತಾರೆ. ಹಾಕದೇ ಬಿಡುವುದು ಬೇರೆ ನಾಲ್ಕು. ಊಟ ದಿನಾ ಖರ್ಚಾಗುತ್ತದೆ, ಇಟ್ಟರೆ ಕೆಡುತ್ತದೆ. ಕವಚ ರಿಪೇರಿಗೆ ಉಪಕರಣ ಬೇಕು. ಗಾಯಕ್ಕೆ ಔಷಧಿ ಬೇಕು. ಬಿಲ್ಲಿನವನಿಗೆ ಬಾಣ ಬೇಕು. ಇದರ ಮೇಲೆ, ಒಬ್ಬೊಬ್ಬನೂ ಒಂದು ಲೆವೆಲ್ ಏರಿದ ಹಾಗೆ ಅವನ ಕೂಲಿಯೂ ಏರುತ್ತದೆ. ಅಂದರೆ ನೀವು ಸುಮ್ನೆ ನಿಂತಲ್ಲೇ ನಿಂತರೂ ಖರ್ಚು ಬೆಳೆಯುತ್ತದೆ.

ಹಾಗಾಗಿ ನನ್ನದೊಂದು ನಿಯಮ. ಹೊಸಬನನ್ನು ಸೇರಿಸಿಕೊಳ್ಳುವ ಮುಂಚೆ, ಅವನನ್ನೂ ಸೇರಿಸಿ ಐದು ದಿನದ ಕೂಲಿ ಮತ್ತು ಊಟಕ್ಕೆ ಆಗುವಷ್ಟು ದುಡ್ಡು ಕೈಯಲ್ಲಿ ಉಳಿಯುತ್ತದೆಯೇ ನೋಡುತ್ತೇನೆ. ಉಳಿಯದಿದ್ದರೆ ಅವನು ಎಷ್ಟೇ ಗಟ್ಟಿಗನಾಗಿರಲಿ, ಬಿಟ್ಟು ಮುಂದೆ ಹೋಗುತ್ತೇನೆ. ಐದು ದಿನವೇ ಯಾಕೆ? ಒಂದು ಗುತ್ತಿಗೆ ಕೈಕೊಟ್ಟರೆ ಇನ್ನೊಂದು ಊರು ಮುಟ್ಟಿ, ಹೊಸ ಗುತ್ತಿಗೆ ಮುಗಿಸಿ, ದುಡ್ಡು ಕೈಗೆ ಬರಲು ನನಗೆ ಹೆಚ್ಚುಕಡಿಮೆ ಅಷ್ಟು ದಿನ ಬೇಕಾಗಿದೆ.

ಗುತ್ತಿಗೆಗಳಲ್ಲಿ ತಲೆಬುರುಡೆ ಚಿತ್ರ ಇರುತ್ತದೆ. ಒಂದಾದರೆ ಸುಲಭ, ಮೂರಾದರೆ ಕಷ್ಟ. ಮೊದಲ ಎರಡು ವಾರ ಒಂದು ಬುರುಡೆಯ ಕೆಲಸ ಮಾತ್ರ ಹಿಡಿಯಿರಿ. ನನ್ನ ಮೊದಲ ಪಡೆ ಎರಡು ಬುರುಡೆಯ ಕೆಲಸಕ್ಕೆ ಹೋಗಿತ್ತು. ದುಡ್ಡು ಜಾಸ್ತಿ ಕಂಡಿತು, ಹೋದೆ. ದುಡ್ಡು ಜಾಸ್ತಿ ಕೊಡುತ್ತಾರೆಂದರೆ ಅದಕ್ಕೊಂದು ಕಾರಣ ಇರುತ್ತದೆ ಎಂದು ಉದ್ಯೋಗದಲ್ಲಿ ದಿನಾ ನೋಡುವವನು ನಾನು. ಆಟದಲ್ಲಿ ಹೊಳೆಯಲಿಲ್ಲ.

ಚೌಕಾಸಿ ಮಾಡಿ. ಗುತ್ತಿಗೆ ಕೊಡುವವನ ಹತ್ತಿರ ಜಾಸ್ತಿ ಕೇಳಬಹುದು, ಮುಂಗಡ ಕೇಳಬಹುದು, ಕೆಲವು ಕೆಲಸಗಳಲ್ಲಿ ತಲೆಗಿಷ್ಟು ಎಂದೂ ಕೇಳಬಹುದು. ಒಂದು ಸಲ ಕೇಳುವುದು ಧಾರಾಳವಾಗಿ ನಡೆಯುತ್ತದೆ. ಮೇಲಿಂದ ಮೇಲೆ ಕೇಳಿದರೆ ಅವನು ಸಿಡುಕುತ್ತಾನೆ, ಕೆಲಸವೂ ಹೋಗಬಹುದು. ವ್ಯಾಪಾರಿ ಗಾಡಿಗಳಿಗೆ ಕಾವಲು ಹೋಗುವ ಕೆಲಸ ಸಿಕ್ಕರೆ ಬಿಡಬೇಡಿ. ದಾರಿಯಲ್ಲಿ ಜಗಳವಾದರೆ ಗಾಡಿಯವರೂ ನಿಮ್ಮ ಜೊತೆ ಹೊಡೆದಾಡುತ್ತಾರೆ. ಅವರಿಗೆ ನೀವು ಕೂಲಿ ಕೊಡಬೇಕಾಗಿಲ್ಲ!

ಯಾರನ್ನು ಸೇರಿಸಿಕೊಳ್ಳುವುದು

ನನ್ನ ಪಡೆಯಲ್ಲಿ ಯಾರಿಗೂ ಹೆಸರಿಲ್ಲ. ಕಸುಬೇ ಹೆಸರು. ಮೀನುಗಾರ, ಮರ ಕಡಿಯುವವ, ಇಲಿ ಹಿಡಿಯುವವ. ಸಾಯುವವರಿಗೆ ಹೆಸರಿಟ್ಟರೆ ನೋವು ಜಾಸ್ತಿ ಎಂದುಕೊಂಡು ಹೀಗೆ ಮಾಡಿದೆ. ಉಪಯೋಗವೇನೂ ಆಗಲಿಲ್ಲ, ಮೀನುಗಾರ ಹೋದ ದಿನ ಆಟ ಮುಚ್ಚಿ ಎದ್ದಿದ್ದೆ. ಆದರೆ ಬೇರೊಂದು ಲಾಭ ಆಯಿತು. ಈ ಆಟದಲ್ಲಿ ಒಬ್ಬನ ಹಿನ್ನೆಲೆಯೇ ಅವನ ಶಕ್ತಿ ಎಷ್ಟಿರಬಹುದು ಎಂಬುದನ್ನು ಹೇಳುತ್ತದೆ. ಕಸುಬು ನೆನಪಿದ್ದರೆ ಯಾರನ್ನು ಎಲ್ಲಿ ನಿಲ್ಲಿಸಬೇಕು ಎಂಬುದೂ ನೆನಪಿರುತ್ತದೆ.

ಹೊಲದಾಳು, ಮರ ಕಡಿಯುವವ, ಗಣಿ ಕೆಲಸದವ, ಮೀನುಗಾರ ಇಂಥವರು ಕಡಿಮೆ ದುಡ್ಡಿಗೆ ಸಿಗುತ್ತಾರೆ, ಮೈ ಗಟ್ಟಿ ಇರುತ್ತದೆ. ಊರ ಕಾವಲು ಪಡೆಯಲ್ಲಿದ್ದವ, ಮುಷ್ಟಿ ಕಾಳಗದವ ಸಿಕ್ಕರೆ ಇನ್ನೂ ಒಳ್ಳೆಯದು. ಹೆಡ್ಜ್ ನೈಟ್ ಎಂಬ ದೈತ್ಯರು ಕಣ್ಣು ಕುಕ್ಕುತ್ತಾರೆ. ಆದರೆ ಅವರ ಬೆಲೆ ಸಾವಿರಗಟ್ಟಲೆ, ಮೊದಲ 30 ದಿನಕ್ಕೆ ಅವರು ನಿಮ್ಮವರಲ್ಲ. ಭಿಕ್ಷುಕ, ಕುಂಟ ತೀರಾ ಅಗ್ಗ. ನಾನು ಒಂದು ಸಲ ನಾಲ್ವರು ಭಿಕ್ಷುಕರನ್ನು ಕಟ್ಟಿಕೊಂಡು ಹೊರಟಿದ್ದೆ. ನಾಲ್ವರ ಕೈಗೂ ಒಳ್ಳೆಯ ಆಯುಧ ಕೊಟ್ಟಿದ್ದೆ. ಒಬ್ಬನೂ ಹೊಡೆದದ್ದು ತಾಗಲಿಲ್ಲ. ಆಮೇಲೆ ಆ ಆಯುಧಗಳೆಲ್ಲ ದರೋಡೆಕೋರರ ಪಾಲಾದವು.

ಸೇರಿಸಿಕೊಳ್ಳುವ ಮುಂಚೆ ಸ್ವಲ್ಪ ದುಡ್ಡು ಕೊಟ್ಟು ಪರೀಕ್ಷೆ ಮಾಡುವ ಗುಂಡಿ ಇದೆ. ಅದನ್ನು ಒತ್ತಿದರೆ ಅವನ ಗುಣದೋಷ ಗೊತ್ತಾಗುತ್ತದೆ. ಕುಡುಕನೋ, ಹೇಡಿಯೋ, ಉಬ್ಬಸ ಇದೆಯೋ, ಕಬ್ಬಿಣದ ಪುಪ್ಪುಸವೋ. ಅಗ್ಗದವನಿಗೆ ಈ ಖರ್ಚು ದಂಡ. ಬೆಲೆ ಮುನ್ನೂರು ದಾಟಿದವನನ್ನು ಪರೀಕ್ಷಿಸದೆ ನಾನು ತೆಗೆದುಕೊಳ್ಳುವುದಿಲ್ಲ. ಸೇರಿಸಿಕೊಂಡ ಮೇಲೆ ಮೂರು ಶಕ್ತಿಗಳ ಪಕ್ಕ ನಕ್ಷತ್ರ ಕಾಣುತ್ತದೆ. ಲೆವೆಲ್ ಏರಿದಾಗ ಆ ಶಕ್ತಿ ಬೇರೆಯವಕ್ಕಿಂತ ಚೆನ್ನಾಗಿ ಬೆಳೆಯುತ್ತದೆ. ಹತ್ತಿರದಿಂದ ಹೊಡೆಯುವ ಕೌಶಲಕ್ಕೋ ಹತ್ತಿರದ ಹೊಡೆತದಿಂದ ತಪ್ಪಿಸಿಕೊಳ್ಳುವ ರಕ್ಷಣೆಗೋ ನಕ್ಷತ್ರ ಇದ್ದವನನ್ನು ಜೋಪಾನ ಮಾಡಿ. ಬರೀ ಚುರುಕುತನಕ್ಕೆ ನಕ್ಷತ್ರ ಇದ್ದರೆ ಮುಂದಿನ ಸಾಲಿನವನಿಗೆ ಅಂಥ ಪ್ರಯೋಜನವಿಲ್ಲ.

ಒಂದು ಲೆವೆಲ್‌ಗೆ ಎಂಟು ಶಕ್ತಿಗಳಲ್ಲಿ ಮೂರನ್ನು ಮಾತ್ರ ಏರಿಸಬಹುದು. ಎಲ್ಲದಕ್ಕೂ ಸ್ವಲ್ಪ ಸ್ವಲ್ಪ ಹಂಚಬೇಡಿ. ಹೊಡೆಯುವ ಕೌಶಲ, ರಕ್ಷಣೆ, ಇವೆರಡು ಯಾವಾಗಲೂ. ಮೂರನೆಯದು ಅವನಿಗೆ ಏನು ಕಡಿಮೆ ಇದೆಯೋ ಅದು.

ಈಟಿಯ ಲೆಕ್ಕ

ಹೊಸಬನ ಹೊಡೆಯುವ ಕೌಶಲ 52 ಎಂದುಕೊಳ್ಳಿ. ಎದುರಿನವನ ರಕ್ಷಣೆ ಸೊನ್ನೆ ಇದ್ದರೆ ನೂರಕ್ಕೆ 52 ಸಲ ತಾಗುತ್ತದೆ. ಎದುರಿನವನ ಕೈಯಲ್ಲಿ ಸಾಧಾರಣ ಮರದ ಗುರಾಣಿ ಇದೆ, 15 ಕಳೆಯಿರಿ. ಉಳಿದದ್ದು 37. ಮೂರು ಏಟಿಗೆ ಒಂದು ತಾಗುವುದು ಎಂದಾಯಿತು. ನನ್ನ ಮೊದಲ ಎರಡು ಪಡೆ ಸತ್ತದ್ದು ಈ 37ರಲ್ಲಿ. ಕೊಡಲಿ ಕೊಟ್ಟಿದ್ದೆ, ಗದೆ ಕೊಟ್ಟಿದ್ದೆ, ನೋಡಲು ಚೆನ್ನಾಗಿದ್ದವು.

ಈಟಿ ಹಿಡಿದರೆ 20 ಸೇರುತ್ತದೆ. 37 ಹೋಗಿ 57. ಎದುರಿನವನ ಸುತ್ತ ನಿಮ್ಮವರು ಇನ್ನೊಬ್ಬರು ನಿಂತರೆ 5, ಮತ್ತೊಬ್ಬರು ನಿಂತರೆ ಇನ್ನೂ 5. ಈಗ 67. ಎತ್ತರದ ಮನೆಯಲ್ಲಿ ನಿಂತರೆ ಇನ್ನೂ ಜಾಸ್ತಿ. ಈಟಿಯ ಪೆಟ್ಟು ದೊಡ್ಡದಲ್ಲ, ನಿಜ. ಆದರೆ ತಾಗದ ದೊಡ್ಡ ಪೆಟ್ಟಿನಿಂದ ಏನು ಬಂತು? ಹೊಸಬರಿಗೆಲ್ಲ ಈಟಿ ಮತ್ತು ಗುರಾಣಿ ಕೊಡಿ. ಕೌಶಲ 65 ದಾಟಿದ ಮೇಲೆ ಬೇರೆ ಆಯುಧದ ಮಾತು. ಅಷ್ಟು ಹೊತ್ತಿಗೆ ಒಬ್ಬನ ಕೈಗೆ ಕೊಡಲಿ ಇರಲಿ. ಎದುರಿನವರ ಗುರಾಣಿ ಸೀಳಲು ಅದೇ ಬೇಕು.

ಹಿಂದಿನ ಸಾಲಿನಲ್ಲಿ ಎರಡು ಮನೆ ದೂರಕ್ಕೆ ಎಟುಕುವ ಉದ್ದನೆಯ ಆಯುಧಗಳು. ಶುರುವಿಗೆ ಹುಲ್ಲು ಎತ್ತುವ ಕವಲುಗೋಲು ಸಾಕು. ಹೆದರುವವರನ್ನು, ಗಾಯಾಳುಗಳನ್ನು ಅಲ್ಲಿ ನಿಲ್ಲಿಸಿ.

ಇನ್ನೊಂದು ಮಾತು. ತಾಗುವ ಸಾಧ್ಯತೆ 95ಕ್ಕಿಂತ ಮೇಲೆ ಹೋಗುವುದಿಲ್ಲ, 5ಕ್ಕಿಂತ ಕೆಳಗೆ ಇಳಿಯುವುದೂ ಇಲ್ಲ. 95 ತೋರಿಸಿದ ಏಟು ತಪ್ಪಿದಾಗ ಆಟ ಮೋಸ ಮಾಡಿತು ಎಂದು ನಾನೂ ಕಿರುಚಿದ್ದೇನೆ. ಆಮೇಲೆ ನೋಟ್‌ಬುಕ್ಕಿನಲ್ಲಿ ಇಂಥ ಏಟುಗಳನ್ನೇ ಗೀಟು ಹಾಕುತ್ತಾ ಹೋದೆ. ಇನ್ನೂರು ಗೀಟಿಗೆ ತಪ್ಪಿದ್ದು ಹನ್ನೊಂದು. ಮೋಸ ಏನೂ ಇಲ್ಲ. ತಾಗಿದವು ನೆನಪಿರುವುದಿಲ್ಲ ಅಷ್ಟೇ.

ಮೈದಾನದಲ್ಲಿ

ಒಬ್ಬೊಬ್ಬನಿಗೂ ಸರದಿಗೆ 9 ಅಂಕ. ಸಮತಟ್ಟು ನೆಲದಲ್ಲಿ ಒಂದು ಮನೆ ನಡೆದರೆ 2 ಖರ್ಚು. ಒಂದು ಕೈಯ ಆಯುಧದಲ್ಲಿ ಒಂದು ಏಟಿಗೆ 4. ಎರಡು ಕೈಯ ಆಯುಧಕ್ಕೆ ಸಾಮಾನ್ಯವಾಗಿ 6. ಈ ನಾಲ್ಕು ಅಂಕಿ ಗೊತ್ತಿದ್ದರೆ ಅರ್ಧ ಜಗಳ ಗೆದ್ದ ಹಾಗೆ. ಹೇಗೆ ನೋಡಿ. ನೀವು ನಿಂತಲ್ಲೇ ನಿಲ್ಲುತ್ತೀರಿ. ಅವನು ಎರಡು ಮನೆ ನಡೆದು ಬಂದು 4 ಕಳೆಯುತ್ತಾನೆ. ಉಳಿದ 5ರಲ್ಲಿ ಒಂದೇ ಏಟು ಹೊಡೆಯಬಲ್ಲ. ನಿಮ್ಮ ಸರದಿಯಲ್ಲಿ 9ಕ್ಕೆ 9 ಇದೆ, ಎರಡು ಏಟು. ಸಾಲು ಕಟ್ಟಿ ಕಾದರೆ ಮೊದಲ ಸುತ್ತಿನಲ್ಲೇ ನಿಮ್ಮ ಏಟು ಅವರ ಎರಡರಷ್ಟು. ಅದರ ಮೇಲೆ ಈಟಿಯವರು ಈಟಿಗೋಡೆ ಹಾಕಿ ಕೂತಿದ್ದರೆ ಹತ್ತಿರ ಬರುವವನಿಗೆ ಬರುವಾಗಲೇ ಚುಚ್ಚು ಬೀಳುತ್ತದೆ.

ಎದುರಿನವರಲ್ಲಿ ಬಿಲ್ಲುಗಾರರು ಜಾಸ್ತಿ ಇದ್ದರೆ ಮಾತ್ರ ಕಾಯಬೇಡಿ. ಅವರು ಬರುವುದಿಲ್ಲ, ದೂರದಿಂದಲೇ ಹೊಡೆಯುತ್ತಾರೆ. ಗುರಾಣಿ ಎತ್ತಿಕೊಂಡು ನೀವೇ ನುಗ್ಗಬೇಕು. ರಾತ್ರಿ ಹೊತ್ತು ಬಿಲ್ಲಿನ ಗುರಿ ಕೆಡುತ್ತದೆ, ದೃಷ್ಟಿಯೂ ಕಡಿಮೆ. ಬಿಲ್ಲುಗಾರರ ಬಿಡಾರಕ್ಕೆ ರಾತ್ರಿ ಹೋಗುವುದು ಲೇಸು.

ಪಕ್ಕದ ಮನೆಯಲ್ಲಿ ಶತ್ರು ನಿಂತಿರುವಾಗ ಸರಿದು ಹೋಗಲು ನೋಡಿದರೆ ಅವನಿಗೆ ಪುಕ್ಕಟೆ ಏಟು. ಇದು ನಿಮಗೂ ಹೌದು, ಅವರಿಗೂ ಹೌದು. ಗಾಯಾಳುವನ್ನು ಹಿಂದೆ ಎಳೆಯಲು ಹೋಗಿ ಕೊಲ್ಲಿಸುವುದು ಹೊಸಬರು ತಪ್ಪದೆ ಮಾಡುವ ಕೆಲಸ. ಅವನು ಅಲ್ಲೇ ನಿಂತು ಗುರಾಣಿ ಎತ್ತಿಕೊಂಡರೆ ಬದುಕುವ ದಾರಿ ಜಾಸ್ತಿ.

ದಣಿವಿನ ಕಡೆ ಕಣ್ಣಿಡಿ. ಪ್ರತಿ ಸರದಿಗೆ 15 ಇಳಿಯುತ್ತದೆ, ಎರಡು ಏಟು ಹೊಡೆದರೆ ಅದಕ್ಕಿಂತ ಜಾಸ್ತಿ ಏರುತ್ತದೆ. ಭಾರದ ಕವಚ ಹಾಕಿದವನು ಬೇಗ ದಣಿಯುತ್ತಾನೆ. ಐದಾರು ಸುತ್ತಿನ ಮೇಲೆ ಒಂದೇ ಏಟು ಹೊಡೆದು ಉಸಿರು ಬಿಡಲಿ.

ಈಗ ಈ ಬರಹದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ, ಬಾಕು.

ಒಳ್ಳೆಯ ಕವಚ ಅಂಗಡಿಯಲ್ಲಿ ಕೊಳ್ಳುವ ವಸ್ತುವೇ ಅಲ್ಲ. ಬೆಲೆ ಕೇಳಿದರೆ ಎದೆ ಒಡೆಯುತ್ತದೆ. ಅದು ಶತ್ರುವಿನ ಮೈಮೇಲಿಂದ ಬರಬೇಕು. ತೊಂದರೆ ಏನೆಂದರೆ, ಅವನನ್ನು ಕೊಡಲಿಯಲ್ಲೋ ಗದೆಯಲ್ಲೋ ಚಚ್ಚಿ ಕೊಂದರೆ ಕವಚವೂ ಚಿಂದಿಯಾಗುತ್ತದೆ. ಬಾಕಿನಲ್ಲಿ ಪಂಕ್ಚರ್ ಎಂಬ ಏಟು ಇದೆ. ಅದು ಕವಚವನ್ನು ಮುಟ್ಟದೆ ಸಂದಿಯಲ್ಲಿ ನೇರ ಮೈಗೆ ಹೋಗುತ್ತದೆ. ತಾಗುವ ಸಾಧ್ಯತೆ ಕಡಿಮೆ, ನಾಲ್ಕಾರು ಸಲ ತಪ್ಪುತ್ತದೆ. ಆದರೆ ಸತ್ತಾಗ ಕವಚ ಇದ್ದ ಹಾಗೇ ಇರುತ್ತದೆ.

ಮಾಡುವ ರೀತಿ ಹೀಗೆ. ಎಲ್ಲರ ಚೀಲದಲ್ಲೂ ಒಂದೊಂದು ಅಗ್ಗದ ಬಾಕು ಇರಲಿ. ಚೀಲದಲ್ಲಿ ಎರಡು ಜಾಗ ಇದೆ, ಅದಕ್ಕೇ ಇರುವುದು. ಜಗಳದಲ್ಲಿ ಒಳ್ಳೆಯ ಕವಚದವನು ಯಾರೆಂದು ಮೊದಲೇ ಗುರುತು ಹಾಕಿಕೊಳ್ಳಿ. ಮಿಕ್ಕವರನ್ನೆಲ್ಲ ಮುಗಿಸಿ ಅವನೊಬ್ಬನನ್ನು ಉಳಿಸಿ. ನಾಲ್ಕೈದು ಜನ ಸುತ್ತ ನಿಲ್ಲಿ, ಓಡಲು ದಾರಿ ಬಿಡಬೇಡಿ. ಬಲೆ ಇದ್ದರೆ ಎಸೆಯಿರಿ, ಸಿಕ್ಕಿಕೊಂಡವನ ರಕ್ಷಣೆಯೂ ಇಳಿಯುತ್ತದೆ. ಆಯುಧ ಬದಲಿಸಲು 4, ಚುಚ್ಚಲು 4, ಒಟ್ಟು 8. ಅದೇ ಸರದಿಯಲ್ಲೇ ಒಂದು ಚುಚ್ಚು ಸಿಗುತ್ತದೆ. ಗುರಾಣಿ ಬಿಡಬೇಡಿ, ಅವನು ಇನ್ನೂ ಹೊಡೆಯುತ್ತಿರುತ್ತಾನೆ. 19ನೇ ದಿನ ನನ್ನ ಐವರು ಒಬ್ಬ ರೇಡರ್ (ಕವಚ ಹಾಕಿದ ದರೋಡೆಕೋರ) ಸುತ್ತ ನಿಂತು ಆರು ಸುತ್ತು ಚುಚ್ಚಿದರು. ಇಲಿ ಹಿಡಿಯುವವನ ಏಟಿಗೆ ಅವನು ಬಿದ್ದ. ಸರಪಳಿ ಕವಚ ಹೆಚ್ಚುಕಡಿಮೆ ಪೂರ್ತಿಯಾಗಿ ಸಿಕ್ಕಿತು. ಅವತ್ತಿನ ಪುಟದಲ್ಲಿ ಆದಾಯದ ಕಡೆ ಅದಕ್ಕೆ ಎರಡು ಗೆರೆ ಎಳೆದಿದ್ದೇನೆ.

ಯಾರ ತಂಟೆ ಬೇಡ

ದರೋಡೆಕೋರರಲ್ಲಿ ಥಗ್‌ಗಳು ನಿಮ್ಮ ಊಟ. ರೇಡರ್‌ಗಳು ಕಷ್ಟ, ಆದರೆ ಕವಚ ಅವರಲ್ಲೇ ಇರುವುದು. ಸತ್ತು ಎದ್ದು ಬರುವ ಹೆಣಗಳು ನಿಧಾನ, ಪಳಗಲು ಒಳ್ಳೆಯವು, ಬಿದ್ದ ಮೇಲೆ ಮತ್ತೆ ಏಳಬಹುದು ಎನ್ನುವುದು ನೆನಪಿರಲಿ. ತೋಳಗಳು ಸುತ್ತುವರಿಯುತ್ತವೆ, ಅವುಗಳಿಂದ ಸಿಗುವುದೂ ಕಡಿಮೆ. ನಾಚ್‌ಜೆರರ್ ಎಂಬ ಪಿಶಾಚಿಗಳು ಹೆಣ ತಿಂದು ದೊಡ್ಡದಾಗುತ್ತವೆ, ಹೆಣದ ಮೇಲೇ ನೀವು ನಿಂತುಬಿಡಿ. ಗಾಬ್ಲಿನ್‌ಗಳನ್ನು ಕಂಡರೆ ದಾರಿ ಬದಲಿಸಿ. ಸಣ್ಣಗಿವೆ ಎಂದು ಮೋಸ ಹೋಗಬೇಡಿ. ವಿಷದ ಬಾಣ, ಬಲೆ, ವೇಗ ಎಲ್ಲ ಅವುಗಳ ಹತ್ತಿರ ಇದೆ. 14ನೇ ದಿನ ನನ್ನ ಎರಡನೇ ಪಡೆಯನ್ನು ತಿಂದದ್ದು ಅವೇ. ಹೆಕ್ಸ್ ಎಂಬ ಮಾಟಗಾತಿ, ಆಲ್ಪ್ ಎಂಬ ದುಃಸ್ವಪ್ನದ ಭೂತ, ಆರ್ಕ್ ಎಂಬ ರಾಕ್ಷಸ ಯೋಧರು, ಇವೆಲ್ಲ ಹನ್ನೆರಡು ಜನ ಕವಚ ಹಾಕಿ ನಿಂತ ಮೇಲಿನ ಮಾತು.

ಭೂಪಟದಲ್ಲಿ ಹೆಜ್ಜೆ ಗುರುತು ಕಾಣುತ್ತದೆ. ಅದನ್ನು ನೋಡುವ ಅಭ್ಯಾಸ ಮಾಡಿಕೊಳ್ಳಿ. ಅನುಮಾನ ಬಂದರೆ ಸ್ಪೇಸ್ ಬಾರ್ ಒತ್ತಿ ಕಾಲ ನಿಲ್ಲಿಸಿ ಯೋಚಿಸಿ.

ಓಡುವುದು

ಮೈದಾನದ ಅಂಚಿಗೆ ಹೋದರೆ ಜಗಳ ಬಿಟ್ಟು ಹೊರಗೆ ಹೋಗಬಹುದು. ಇದನ್ನು ನಾನು ಮೂರು ಪಡೆ ಕಳೆದುಕೊಂಡ ಮೇಲೆ ಬಳಸಿದೆ. ಓಡುವುದಾದರೆ ಬೇಗ ನಿರ್ಧಾರ ಮಾಡಬೇಕು. ಸಾಲು ಇನ್ನೂ ತಾಗಿಲ್ಲ ಎನ್ನುವಾಗ ಓಡಿದರೆ ಎಲ್ಲರೂ ಬದುಕುತ್ತಾರೆ. ತಾಗಿದ ಮೇಲೆ ಓಡಿದರೆ ಪುಕ್ಕಟೆ ಏಟು ತಿನ್ನುತ್ತಾ ಓಡಬೇಕು. ಆಗ ಇಬ್ಬರು ಮೂವರು ಅಲ್ಲೇ ನಿಂತು ತಡೆಯಬೇಕು. ಯಾರು ನಿಲ್ಲುವುದು ಎನ್ನುವುದು ಕೆಟ್ಟ ಲೆಕ್ಕ. ನಾನು ಕೂಲಿ ನೋಡಿ ಆರಿಸುವುದಿಲ್ಲ, ಕವಚ ನೋಡಿ ಆರಿಸುತ್ತೇನೆ. ಅಗ್ಗದ ಕವಚದವನು ನಿಲ್ಲುತ್ತಾನೆ.

ನಾಲ್ಕನೇ ಪಡೆಯಲ್ಲಿ ಹಾಗೆ ನಿಂತವನು ಮೀನುಗಾರ. ಅವನಿಗೆ ಆಗಲೇ ಒಂದು ಕಣ್ಣಿರಲಿಲ್ಲ. ಬಿದ್ದವರಲ್ಲಿ ಕೆಲವರು ಸಾಯದೆ ಇಂಥ ಶಾಶ್ವತ ಗಾಯ ಹೊತ್ತು ಏಳುತ್ತಾರೆ, ಅವನು ಹಾಗೆ ಎದ್ದವನು. ಎರಡು ಸುತ್ತು ತಡೆದ. ಆರು ಜನ ಅಂಚು ದಾಟಿದರು. ಗುತ್ತಿಗೆ ಹೋಯಿತು, ದುಡ್ಡು ಬರಲಿಲ್ಲ. ಕೈಯಲ್ಲಿ ಐದು ದಿನದ ಕೂಲಿ ಇತ್ತು, ಮುಂದಿನ ಊರು ಎರಡು ದಿನದ ದಾರಿ. ಅಲ್ಲಿ ವ್ಯಾಪಾರಿ ಗಾಡಿಯ ಕಾವಲು ಸಿಕ್ಕಿತು, ಒಂದು ಬುರುಡೆ, ಮುಂಗಡವೂ ಬಂತು.

ಆ ಪಡೆ 30ನೇ ದಿನ ದಾಟಿತು. ಪುಟದ ಕೊನೆಯಲ್ಲಿ ಹೀಗೆ ಬರೆದಿದೆ: ಹತ್ತು ಜನ, ಸರಪಳಿ ಕವಚ ನಾಲ್ಕು, ಕೈಯಲ್ಲಿ 1,140 ಕ್ರೌನ್, ಸತ್ತವರು ಮೂವರು. ಈ ಸಲ ಸಂಬಳ ಬಾಕಿ ಸೊನ್ನೆ.